ರೈಖಾನಳ ಗರಗಸ

ಯೆವ್ಸೇಯ್ ಪಿಸ್ಟನ್ನನ್ನು ಹೊರಗೆಳೆದು, ಅಂಗಿಯ ಅಂಚಿನಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದ. ಚಹದ ಬಟ್ಟಲಿಗಿಂತ ಚಿಕ್ಕದು. ಅದರ ಒಂದು ಮಗ್ಗುಲ ತುಂಬ ಉದ್ದುದ್ದ ಗೀರುಗಳು, ಬೆಕ್ಕು ಪರಚಿದ ಹಾಗೆ.

"ನೋಡು ತಂಗೀ, ಇದು ವಯಸ್ಸಾಗಿ ಸತ್ತದ್ದಲ್ಲ. ಬಾಯಾರಿ ಸತ್ತದ್ದು."

ರೈಖಾನಳಿಗೆ ಅರ್ಥವಾಗಲಿಲ್ಲ. ಹದಿನೆಂಟು ವರ್ಷದ ಪೆಟ್ರೋಲು ಗರಗಸ, ಹಳೇದಾಯಿತು, ಕೆಟ್ಟಿತು ಎಂದಷ್ಟೇ ಅವಳು ತಿಳಿದಿದ್ದಳು. ರಿಪೇರಿಯಾದರೆ ಆಯಿತು, ಇಲ್ಲವಾದರೆ ಬೇರೆಯದನ್ನು ಕೊಳ್ಳುವುದು ಎಂದು ಗೋಣಿಚೀಲದಲ್ಲಿ ಸುತ್ತಿಕೊಂಡು ಜಿಲ್ಲಾ ಕೇಂದ್ರದ ಸಂತೆಗೆ ಬಂದಿದ್ದಳು. ಸಂತೆಯ ಕೊನೆಯಲ್ಲಿ, ಟೈರು ಮಾರುವವರ ಹಿಂದೆ, ತಗಡಿನ ಗೂಡಿನಲ್ಲಿ ಕೂರುವ ಈ ಬಿಳಿಗಡ್ಡದ ರಷ್ಯನ್ ಮುದುಕನ ಬಳಿಗೆ ಹೋಗು ಎಂದು ಊರಲ್ಲಿ ಎಲ್ಲರೂ ಹೇಳಿದ್ದರು. ಆತ ಹುಟ್ಟಿದ್ದು ಅಲ್ತಾಯ್ ಬೆಟ್ಟದ ಬುಡದಲ್ಲೇ. ಕಜಕ್ ಮಾತನ್ನು ಕಜಕರಿಗಿಂತ ನಿಧಾನವಾಗಿ, ಅವರಿಗಿಂತ ಸ್ಪಷ್ಟವಾಗಿ ಆಡುತ್ತಿದ್ದ.

ಪೆಟ್ರೋಲಿನಲ್ಲಿ ಏನು ಬೆರೆಸಿದ್ದೆ ಎಂದು ಆತ ಕೇಳಿದ. ಏನೂ ಬೆರೆಸಿರಲಿಲ್ಲ. ಗಂಡನ ಕೆಂಪು ಡಬ್ಬಿಯಲ್ಲಿದ್ದದ್ದು ಮುಗಿದಿತ್ತು, ಬಂಕಿನಿಂದ ಹೊಸ ಪೆಟ್ರೋಲು ತಂದು ಸುರಿದಿದ್ದೆ ಎಂದಳು. ಯೆವ್ಸೇಯ್ ತಲೆಯಾಡಿಸಿದ. ಈ ಜಾತಿಯ ಎಂಜಿನ್ನಿಗೆ ಎಣ್ಣೆಗೆ ಬೇರೆ ಜಾಗವಿಲ್ಲ, ಪೆಟ್ರೋಲಿನ ಜೊತೆಯಲ್ಲೇ ಬೆರೆಸಿ ಕುಡಿಸಬೇಕು. ಆ ಕೆಂಪು ಡಬ್ಬಿಯಲ್ಲಿದ್ದದ್ದು ನಿನ್ನ ಗಂಡ ಬೆರೆಸಿಟ್ಟದ್ದು ಎಂದು ವಿವರಿಸಿದ. ಬರೀ ಪೆಟ್ರೋಲು ಹಾಕಿದರೆ ಒಂದು ದಿಮ್ಮಿ ಕೊಯ್ಯುವಷ್ಟರಲ್ಲಿ ಮುಗಿಯಿತು.

"ಒಂದೂವರೆ ಕೊಯ್ದೆ," ಎಂದಳು ರೈಖಾನ್, ಸಣ್ಣ ದನಿಯಲ್ಲಿ.

"ಹಂಗಾದ್ರೆ ಗಟ್ಟಿ ಜೀವ. ನಿನಗೋಸ್ಕರ ಅರ್ಧ ದಿಮ್ಮಿ ಹೆಚ್ಚಿಗೆ ದುಡಿದಿದೆ."

ಆತ ನಗಿಸಲು ಹೇಳಿದ್ದ. ಅವಳು ನಗಲಿಲ್ಲ. ಗೂಡಿನ ಮುಂದಿದ್ದ ಮರದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಗರಗಸ ಕೆಟ್ಟ ಆ ಏಪ್ರಿಲ್ ಬೆಳಗ್ಗೆ ಕಣ್ಣ ಮುಂದೆ ಬಂದಿತ್ತು.

ಅದಕ್ಕೂ ಮೊದಲಿನ ನವೆಂಬರಿನಲ್ಲಿ ಅವಳ ಗಂಡ ಕಾಬ್ದೆಶನಿಗೆ ಲಕ್ವ ಹೊಡೆದಿತ್ತು. ಹಸುವಿಗೆ ಹುಲ್ಲು ಹಾಕಲು ಹೋದವನು ಕೊಟ್ಟಿಗೆಯ ಬಾಗಿಲಲ್ಲಿ ಕುಸಿದಿದ್ದ. ಘಾಟಿ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಪಕ್ಕದ ಮನೆಯ ಸಾಗಿಂಬೆಕ್ ತನ್ನ ಹಳೆಯ ವ್ಯಾನಿನಲ್ಲಿ ಅವನನ್ನು ಮಲಗಿಸಿಕೊಂಡು, ಸಿಕ್ಕಿಕೊಂಡಲ್ಲೆಲ್ಲ ಇಳಿದು ಸಲಿಕೆಯಿಂದ ಹಿಮ ತೋಡುತ್ತ, ಒಂದು ಗಂಟೆಯ ದಾರಿಯನ್ನು ಐದು ಗಂಟೆಯಲ್ಲಿ ದಾಟಿಸಿದ್ದ. ಜೀವ ಉಳಿಯಿತು. ಬಲಗೈ, ಬಲಗಾಲು ಅರ್ಧ ಉಳಿದವು. ಮಾತು ಮಾತ್ರ ಹೋಯಿತು. ಊರಿನ ಮದುವೆಗಳಲ್ಲಿ ಮಾತಿಗೆ ಮಾತು ಕಟ್ಟಿ ಬೀಗರ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯನಿಗೆ ಈಗ ಮೂರೇ ಶಬ್ದ: ಹೂಂ, ಇಲ್ಲ, ಚಾ. ನಾಲ್ಕನೆಯದೊಂದಿತ್ತು, ಬೈಗುಳ. ಅದು ಮಾತ್ರ ಎಲ್ಲಕ್ಕಿಂತ ಸ್ಪಷ್ಟವಾಗಿ ಬರುತ್ತಿತ್ತು.

ಆ ಚಳಿಗಾಲ ಅವರ ಒಲೆಗೆ ಬೇಕಾದ ಸೌದೆಯನ್ನೆಲ್ಲ ಊರೇ ಕೊಯ್ದು ಕೊಟ್ಟಿತು. ಒಂದು ಭಾನುವಾರ ಏಳು ಗರಗಸಗಳು ಅವರ ಅಂಗಳದಲ್ಲಿ ಒಟ್ಟಿಗೆ ಕೂಗಿದ್ದವು. ಸಂಜೆಯ ಹೊತ್ತಿಗೆ ಕೊಟ್ಟಿಗೆಯ ಗೋಡೆ ಕಾಣದಷ್ಟು ಸೌದೆ. ರೈಖಾನ್ ದೊಡ್ಡ ಕಡಾಯಿಯಲ್ಲಿ ಮಾಂಸ ಬೇಯಿಸಿ ಹಾಕಿದ್ದಳು, ಅಷ್ಟೇ ಅವಳಿಂದಾದದ್ದು. ಯಾರೂ ಒಂದು ಮಾತು ಹೆಚ್ಚಿಗೆ ಆಡಿರಲಿಲ್ಲ. ಆ ಋಣ ಅವಳಿಗೆ ಭಾರವಾಗಿರಲಿಲ್ಲ, ಬೆಚ್ಚಗಿತ್ತು. ಆದರೆ ಕಾಬ್ದೆಶ್ ಅಂದು ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಅದಕ್ಕೇ ಏಪ್ರಿಲಿನಲ್ಲಿ, ಹಿಮ ಕರಗಿ ಅಂಗಳದ ದಿಮ್ಮಿಗಳು ಕಾಣಿಸಿಕೊಂಡಾಗ, ಅವಳೇ ಗರಗಸ ಹೊರಗೆ ತಂದಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷ ಗಂಡ ಕೊಯ್ಯುವುದನ್ನು ನೋಡಿದವಳಿಗೆ ಇಷ್ಟು ಬರದೇ ಎಂಬ ಧೈರ್ಯ. ಎಂಜಿನ್ನಿನ ಹಗ್ಗ ಹತ್ತು ಸಲ ಎಳೆದ ಮೇಲೆ ಅದು ಚಾಲೂ ಆಯಿತು. ಆಗಲೇ ಕಿಟಕಿಯ ಗಾಜು ಬಡಿದ ಸದ್ದು. ಕಾಬ್ದೆಶ್ ಹಾಸಿಗೆಯಿಂದ ಎದ್ದು ಬಂದು, ಎಡಗೈಯಿಂದ ಗಾಜು ಬಡಿಯುತ್ತ ಕೂಗುತ್ತಿದ್ದ: "ಇಲ್ಲ, ಇಲ್ಲ, ಇಲ್ಲ." ಮುಖ ಕೆಂಪಗಾಗಿತ್ತು. ರೈಖಾನಳಿಗೆ ಮೈ ಉರಿಯಿತು. ಹೆಂಗಸು ಗರಗಸ ಹಿಡಿಯಬಾರದೇನೋ, ಎಂದುಕೊಂಡಳು. ಮಲಗಿದಲ್ಲಿಂದಲೂ ಯಜಮಾನಿಕೆ ಬಿಡಲಿಲ್ಲವಲ್ಲ. ಅವನಿಗೆ ಬೆನ್ನು ಹಾಕಿ ನಿಂತು ಕೊಯ್ದಳು. ಒಂದೂವರೆ ದಿಮ್ಮಿಗೆ ಗರಗಸ ಕೀರಲು ದನಿಯಲ್ಲಿ ಚೀರಿ, ಕಚ್ಚಿಕೊಂಡು ನಿಂತುಬಿಟ್ಟಿತು. ಆಮೇಲೆ ಅವಳು ಆ ಬಗ್ಗೆ ಮಾತೆತ್ತಲಿಲ್ಲ. ಅವನಿಗೆ ಎತ್ತಲಾಗಲಿಲ್ಲ. ಊಟ ಕೊಟ್ಟಳು, ಸ್ನಾನ ಮಾಡಿಸಿದಳು, ಕಾಲು ತಿಕ್ಕಿದಳು, ಎಲ್ಲದರಲ್ಲೂ ಒಂದು ಸಣ್ಣ ಮುನಿಸು ಇಟ್ಟುಕೊಂಡೇ.

ಐದು ತಿಂಗಳು. ಅವನು ಹೇಳಿದ್ದು 'ಬೇಡ' ಎಂದಲ್ಲ, 'ಎಣ್ಣೆ ಇಲ್ಲ' ಎಂದು.

ಯೆವ್ಸೇಯ್ ಅವಳ ಮುಖ ನೋಡಿ ಸ್ಟವ್ ಹಚ್ಚಿದ. ಕಪ್ಪು ಚಹ ಮಾಡಿ, ಸೀಸೆಯಿಂದ ಜೇನು ಬಗ್ಗಿಸಿ ಅವಳ ಕೈಗಿಟ್ಟ. ಏನಾಯಿತು ಎಂದು ಕೇಳಲಿಲ್ಲ. ಅವಳೇ ಹೇಳಿದಳು, ಎಲ್ಲವನ್ನೂ. ಕೇಳಿ ಆತ ಗಡ್ಡ ನೀವಿಕೊಂಡ. ನಲವತ್ತು ವರ್ಷದಲ್ಲಿ ಗಂಡಸರೇ ಎಷ್ಟು ಗರಗಸಗಳನ್ನು ಹೀಗೆ ಕೊಂದು ತಂದಿದ್ದಾರೆ, ಒಬ್ಬನಾದರೂ ತಪ್ಪು ತನ್ನದು ಅಂದಿಲ್ಲ ಎಂದ. ಈ ಮಾದರಿಗೆ ಹೊಸ ಪಿಸ್ಟನ್ ಈಗ ಎಲ್ಲೂ ಸಿಗುವುದಿಲ್ಲ, ಹೊಸ ಗರಗಸವೇ ಗತಿ ಎಂದೂ ಹೇಳಿದ.

ಅವಳು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದಳು. ಹೊರಡುವಾಗ ಕಾಬ್ದೆಶ್ ಎಡಗೈಯಲ್ಲಿ ಬರೆದುಕೊಟ್ಟ ಚಿತ್ರ. ಮಗು ಗೀಚಿದಂತೆ ಇತ್ತಾದರೂ ಗರಗಸ ಎಂದು ಗೊತ್ತಾಗುತ್ತಿತ್ತು. ಹಲ್ಲಿನ ಚೈನು ಸುತ್ತುವ ಅದರ ಉದ್ದನೆಯ ಪಟ್ಟಿ ಕಾಗದದ ಈ ತುದಿಯಿಂದ ಆ ತುದಿಯವರೆಗೂ ಇತ್ತು.

"ಇಷ್ಟುದ್ದದ್ದು ಯಾರು ಹಿಡಿಯೋದು?"

"ನಾನೇ."

"ಹಂಗಾದ್ರೆ ಕಾಗದ ಜೇಬಲ್ಲಿಡು. ಬಾ."

ಗೂಡಿಗೆ ಬೀಗ ಜಡಿದು ಆತ ಅವಳನ್ನು ಅಂಗಡಿ ಸಾಲಿಗೆ ಕರೆದೊಯ್ದ. ಗೋಡೆಯ ತುಂಬ ಗರಗಸಗಳು ನೇತಾಡುತ್ತಿದ್ದವು, ಕೆಂಪು, ಕಿತ್ತಳೆ, ಹಸಿರು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿ, ಇದನ್ನು ತಗೊಂಡ್ಹೋದರೆ ನಿಮ್ಮ ಯಜಮಾನರು ಕುಣಿದಾಡುತ್ತಾರೆ ಎಂದ. ಯಜಮಾನರು ಕುಣಿದಾಡಿದರೆ ಡಾಕ್ಟರಿಗೇ ಆಶ್ಚರ್ಯವಾದೀತು ಎಂದು ರೈಖಾನ್ ಮನಸ್ಸಿನಲ್ಲೇ ಅಂದುಕೊಂಡಳು. ಅಗ್ಗದ್ದೊಂದಿತ್ತು, ಹೊಳೆಯುವ ಬಣ್ಣದ್ದು. ಯೆವ್ಸೇಯ್ ಅದನ್ನು ತಿರುಗಿಸಿ ನೋಡಿ, ಇದರ ಹಗ್ಗದ ಸ್ಪ್ರಿಂಗ್ ಹೋದರೆ ಬೇರೆ ಸಿಗುತ್ತದೇನಪ್ಪ ಎಂದು ಕೇಳಿದ. ಅಂಗಡಿಯವನು ತಡವರಿಸಿದ. ಯೆವ್ಸೇಯ್ ಅದನ್ನು ಮೊಳೆಗೆ ಮತ್ತೆ ನೇತುಹಾಕಿದ.

"ಗರಗಸ ಒಂದ್ಸಲ ಕೊಳ್ತೀಯ ತಂಗೀ. ಬಿಡಿಭಾಗ ಹತ್ತು ವರ್ಷ ಕೊಳ್ತೀಯ. ಭಾಗ ಸಿಗದ ಗರಗಸ ಹಾಲು ಬತ್ತಿದ ಹಸು ಇದ್ದಂಗೆ, ಕಟ್ಟಿ ನೋಡ್ಕೊಂಡಿರಬೇಕು ಅಷ್ಟೇ."

ಆತ ಅವಳಿಂದ ಮಾಡಿಸಿದ್ದನ್ನು ನೋಡಲು ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತರು. ಒಂದೊಂದು ಗರಗಸವನ್ನೂ ಎರಡು ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿಯಲು ಹೇಳಿ, ಆತ ನೂರರವರೆಗೆ ಎಣಿಸುತ್ತಿದ್ದ. ಎಪ್ಪತ್ತಕ್ಕೆ ಕೈ ನಡುಗಿದರೆ ಗೋಡೆಗೆ ವಾಪಸು. ದಪ್ಪ ಕೈಗವಸು ಹಾಕಿಸಿ, ಕಣ್ಣು ಮುಚ್ಚಿಸಿ, ನಿಲ್ಲಿಸುವ ಗುಂಡಿ ಎಲ್ಲಿದೆ ಹುಡುಕು ಎಂದ. ಜನವರಿಯ ಚಳಿಯಲ್ಲಿ ಬೆರಳಿಗೆ ಕಣ್ಣಿರುವುದಿಲ್ಲ ಎಂಬುದು ಆತನ ವಾದ. ನೆಲಕ್ಕಿಟ್ಟು ಕಾಲಿಂದ ಒತ್ತಿ ಹಗ್ಗ ಎಳೆಸಿದ. ಒಬ್ಬ ಟೈರಿನವನು, ನಮ್ಮ ಅತ್ತೆಗೂ ಒಂದು ಬೇಕಿತ್ತು, ನಾಲಗೆಯಷ್ಟೇ ಹರಿತವಾದದ್ದು ಇದೆಯಾ ಎಂದು ಕೇಳಿದ. ಎಲ್ಲರೂ ನಕ್ಕರು, ರೈಖಾನಳೂ ನಕ್ಕಳು. ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ರೊಟ್ಟಿಗೆ ಹಿಟ್ಟು ನಾದುವ ಕೈ ಅವಳದು. ಹಗ್ಗವನ್ನು ಅವಳು ಎಳೆದ ರಭಸಕ್ಕೆ ಟೈರಿನವನು ಒಂದು ಹೆಜ್ಜೆ ಹಿಂದೆ ಸರಿದ.

ಕೊನೆಗೆ ಎರಡು ಉಳಿದವು. ಒಂದು ಮಧ್ಯಮ ಗಾತ್ರದ್ದು, ಇನ್ನೊಂದು ಅದಕ್ಕಿಂತ ತುಸು ದೊಡ್ಡದು. ದೊಡ್ಡದನ್ನು ಅವಳು ನೂರರವರೆಗೂ ಹಿಡಿದಿದ್ದಳು, ಹಲ್ಲು ಕಚ್ಚಿ. ಚಿತ್ರದ ಗರಗಸಕ್ಕೆ ಅದೇ ಹತ್ತಿರ. ಮನೆಯಲ್ಲಿ ಕಾಯುತ್ತಿರುವವನಿಗೆ ಒಂದಾದರೂ ಸಮಾಧಾನ ಸಿಗಲಿ ಎಂದು ಅವಳ ಕೈ ಅದರ ಕಡೆಗೇ ಹೋಯಿತು. ಯೆವ್ಸೇಯ್ ಎಡಗಾಲಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮೇಲೆತ್ತಿದ. ಮೊಣಕಾಲ ಚಿಪ್ಪಿನ ಕೆಳಗೆ ಮಾಂಸ ಒಂದು ಗೇಣುದ್ದ ಗುಳಿಬಿದ್ದು ಹೊಳೆಯುತ್ತಿತ್ತು.

"ಸಂಜೆ ಹೊತ್ತು, ಕೈ ಸೋತಿತ್ತು. ಆಗಿನ ಗರಗಸಕ್ಕೆ ಬ್ರೇಕೂ ಇರ್ಲಿಲ್ಲ," ಎಂದ. "ನೂರು ಎಣಿಸೋವರೆಗೆ ಹಿಡಿಯೋದು ಬೇರೆ. ಸಂಜೆ ಐದು ಗಂಟೆಗೂ ನಿನ್ನ ಮಾತು ಕೇಳಬೇಕು, ಅಂಥದ್ದು ತಗೋ. ಅವನಿಗೆ ಉದ್ದನೇ ಗರಗಸ ಬೇಕೋ, ಎರಡು ಕಾಲಿರೋ ಹೆಂಡತಿ ಬೇಕೋ, ಹೋಗಿ ಕೇಳು."

ಅವಳು ಮಧ್ಯಮದ್ದನ್ನೇ ಕೊಂಡಳು. ಯೆವ್ಸೇಯ್ ಗೂಡಿಗೆ ಮರಳಿ, ಎಣ್ಣೆ ಅಳೆಯಲು ಗೆರೆ ಹಾಕಿದ ಒಂದು ಸಣ್ಣ ಬಾಟಲಿ, ಎಣ್ಣೆ, ಹಲ್ಲು ಮಸೆಯುವ ದುಂಡು ಅರ, ಎಲ್ಲವನ್ನೂ ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟ. ಬಿಚ್ಚಿನೋಡಿದ್ದಕ್ಕೆ ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಸತ್ತವರ ಮನೆಯಲ್ಲಿ ಕೂಲಿ ತಗೊಳ್ಳೋದಿಲ್ಲ ಎಂದು ಹಳೆಯ ಗರಗಸವನ್ನು ತೋರಿಸಿದ. ಅವಳು ಶಾಲೆಯಲ್ಲಿ ಸುಟ್ಟು ತಂದಿದ್ದ ಎರಡು ರೊಟ್ಟಿಗಳನ್ನು ಆತನ ಮೇಜಿನ ಮೇಲಿಟ್ಟಳು. ಅದನ್ನು ಆತ ಎರಡೂ ಕೈಯಲ್ಲಿ ಎತ್ತಿಕೊಂಡು ಮೂಸಿ ನೋಡಿದ. ಪಿಸ್ಟನ್ನನ್ನು ಅವಳೇ ಕೇಳಿ ಪಡೆದಳು.

ಸಾಗಿಂಬೆಕ್ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. ಡಬ್ಬ ಬಿಚ್ಚಿ ನೋಡಿ, "ಅತ್ತಿಗೆ, ಇದು ಬೆಳೆಯುತ್ತಾ, ಇಲ್ಲ ಇಷ್ಟೇನಾ? ಅಣ್ಣ ಇದರಲ್ಲಿ ಹಲ್ಲು ಚುಚ್ಚಿಕೊಳ್ಳಬಹುದು," ಎಂದ. ನೆರೆಯವನಾದರೂ ವರಸೆಯಲ್ಲಿ ಮೈದುನ, ಅತ್ತಿಗೆಯನ್ನು ಕಿಚಾಯಿಸುವುದು ಅವನ ಹಕ್ಕು. ಅವಳೂ ಸುಮ್ಮನಿರಲಿಲ್ಲ, ನಿನ್ನ ವ್ಯಾನಿಗಿಂತ ಬೇಗ ಸ್ಟಾರ್ಟ್ ಆಗುತ್ತದೆ ಎಂದಳು. ಘಾಟಿಯ ತಿರುವಿನಲ್ಲಿ, ಕಳೆದ ನವೆಂಬರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಸಿಕ್ಕಿಕೊಂಡಿದ್ದ ಜಾಗ ಬಂದಾಗ, ಸಾಗಿಂಬೆಕ್ ವ್ಯಾನಿನ ವೇಗ ತಗ್ಗಿಸಿದ. ಈಗ ಅಲ್ಲಿ ಬರ್ಚ್ ಮರಗಳ ಎಲೆ ಹಳದಿಯಾಗಿತ್ತು. ರೈಖಾನ್ ಸ್ಟೇರಿಂಗಿನ ಮೇಲಿದ್ದ ಅವನ ಕೈಗಳನ್ನು ನೋಡಿದಳು. ಆ ದಿನ ಸಲಿಕೆ ಹಿಡಿದು ಅವನ ಅಂಗೈ ಕಿತ್ತುಹೋಗಿದ್ದನ್ನು ಅವನ ಹೆಂಡತಿ ಹೇಳಿದ್ದಳು. ಅವನು ಎಂದೂ ಹೇಳಿರಲಿಲ್ಲ. ಏನಾದರೂ ಅನ್ನಬೇಕೆನಿಸಿತು. ಅಷ್ಟರಲ್ಲಿ ತಿರುವು ಮುಗಿಯಿತು.

ಮನೆಯಲ್ಲಿ ಕಾಬ್ದೆಶ್ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕಾದು ಕೂತಿದ್ದ. ಅವಳು ಗರಗಸವನ್ನು ಅವನ ಮುಂದಿನ ಮೇಜಿನ ಮೇಲಿಟ್ಟಳು. ಅವನು ಅದರ ಪಟ್ಟಿಯನ್ನು ತುದಿಯಿಂದ ಬುಡದವರೆಗೆ ನೋಡಿದ. ಅಷ್ಟು ದೂರವೇನೂ ಇರಲಿಲ್ಲ. "ಇಲ್ಲ," ಎಂದು ಮುಖ ತಿರುಗಿಸಿದ.

ಬೇರೆ ದಿನವಾಗಿದ್ದರೆ ಅವಳು ಚಹ ಕಾಸಲು ಎದ್ದು ಹೋಗುತ್ತಿದ್ದಳು. ಇಂದು ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕೂತಳು. ಜೇಬಿನಿಂದ ಪಿಸ್ಟನ್ ತೆಗೆದು ಅವನ ಎಡಗೈಯಲ್ಲಿಟ್ಟಳು. ಅವನು ಅದನ್ನು ತಿರುಗಿಸಿದ, ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಅವತ್ತು ಕಿಟಕಿ ಹತ್ರ ನಿಂತು ಇಲ್ಲ ಇಲ್ಲ ಅಂತ ಕೂಗಿದ್ರಲ್ಲ," ಎಂದಳು. "ಎಣ್ಣೆ ಇಲ್ಲ ಅಂತ ತಾನೆ?"

ಅವನು ತಲೆಯೆತ್ತಿದ.

"ಹೂಂ."

"ನಾನು ಬೇರೆ ತಿಳ್ಕೊಂಡೆ. ಐದು ತಿಂಗಳು ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಿದ್ದೆ."

"ಹೂಂ," ಎಂದ ಅವನು. ಅದು ಅವನಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಅವಳು ತಿನ್ನಿಸಿದ್ದನ್ನು ತಿಂದಿದ್ದ, ಕಾಲು ತಿಕ್ಕುವಾಗ ಅವಳ ತಲೆಯ ಮೇಲೆ ಎಡಗೈ ಇಟ್ಟಿದ್ದ. ಆ ಕೈಯನ್ನು ಅವಳು ಎರಡು ಸಲ ಸರಿಸಿದ್ದಳು. ಈಗ ಅವಳ ಕಣ್ಣು ತುಂಬಿತು. ಅವನ ಬಾಯಿಯ ಎಡಗಡೆ ಮಾತ್ರ ಮೇಲೆದ್ದಿತು. ಆಮೇಲೆ ಬಹಳ ಸ್ಪಷ್ಟವಾಗಿ, ಪಿಸ್ಟನ್ನನ್ನು ನೋಡುತ್ತ, ಆ ನಾಲ್ಕನೆಯ ಶಬ್ದವನ್ನು ಹೇಳಿದ. ರೈಖಾನ್ ಅಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಮಧ್ಯಾಹ್ನ ಅವನನ್ನು ಅಂಗಳಕ್ಕೆ ಕರೆತಂದು, ಕೊಟ್ಟಿಗೆಯ ಬದಿಯ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಎಣ್ಣೆ ಬೆರೆಸುವುದನ್ನು ಅವನ ಕಣ್ಣೆದುರೇ ಮಾಡಿದಳು. ಒಂದು ಗೆರೆ ಹೆಚ್ಚಾದಾಗ ಅವನು ಊರುಗೋಲು ನೆಲಕ್ಕೆ ಕುಟ್ಟಿದ, ಸರಿಹೋದಾಗ ಕಣ್ಣು ಮುಚ್ಚಿ ತೆರೆದ. ಗರಗಸ ಮೂರನೆಯ ಎಳೆತಕ್ಕೇ ಚಾಲೂ ಆಯಿತು. ಸದ್ದು ಕೇಳಿದ್ದೇ ಬೇಲಿಯಾಚೆ ಸಾಗಿಂಬೆಕ್ ತನ್ನ ಗರಗಸ ಎತ್ತಿಕೊಂಡು ಬಂದುಬಿಟ್ಟ. ಅಂಗಳದಲ್ಲಿ ಇಬ್ಬರನ್ನೂ ನೋಡಿದ, ಕುರ್ಚಿಯನ್ನು ನೋಡಿದ. ಏನು ತಿಳಿಯಿತೋ, ತನ್ನ ಗರಗಸವನ್ನು ಬೇಲಿಗೆ ಒರಗಿಸಿ, ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಅವಳು ಮೂರು ದಿಮ್ಮಿ ಮುಗಿಸುವವರೆಗೂ ನಿಂತೇ ಇದ್ದ, ಒಂದು ಕಡ್ಡಿಯನ್ನೂ ಎತ್ತದೆ. ನವೆಂಬರಿನಲ್ಲಿ ವ್ಯಾನಿನಲ್ಲಿ ಕರೆದೊಯ್ದದ್ದು ಬಿಟ್ಟರೆ ಅವನು ಮಾಡಿದ ದೊಡ್ಡ ಉಪಕಾರ ಇದೇ ಎಂದು ರೈಖಾನಳಿಗೆ ಅನ್ನಿಸಿತು.

ನಾಲ್ಕನೆಯ ದಿಮ್ಮಿ ದಪ್ಪನೆಯದು, ಬಾಲ್-ಕರಗಾಯ್ ಎಂಬ ಪೈನ್ ಜಾತಿಯ ಮರದ್ದು, ಕಲ್ಲಿನಷ್ಟು ಗಟ್ಟಿ. ಅರ್ಧ ಕೊಯ್ದಿದ್ದಳು, "ಇಲ್ಲ," ಎಂಬ ಕೂಗು ಎಂಜಿನ್ನಿನ ಸದ್ದನ್ನೂ ದಾಟಿ ಬಂತು.

ಅವಳು ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದಳು. ಗರಗಸ ಹಿಡಿದುಕೊಂಡೇ ಅವನ ಬಳಿಗೆ ಹೋದಳು.

"ಏನಿಲ್ಲ?" ಎಂದು ಕೇಳಿದಳು. "ಪೆಟ್ರೋಲಾ?"

ಅಲ್ಲ. ಎಣ್ಣೆಯೂ ಅಲ್ಲ. ಹರಿತವೂ ಅಲ್ಲ. ಅವನು ಸಿಟ್ಟಾಗಲಿಲ್ಲ, ಅವಳು ಕೇಳುತ್ತ ಹೋದಳು, ಅವನು ತಲೆಯಾಡಿಸುತ್ತ ಹೋದ. ಕೊನೆಗೆ ಅವನು ಕೈ ಚಾಚಿ ಪಟ್ಟಿಯ ಕೆಳಗೆ ಬೆರಳು ತೂರಿಸಿದ. ಹೊಸ ಚೈನು ಬಿಸಿಯಾಗಿ ಹಿಗ್ಗಿ, ಸಡಿಲ ಬಳೆಯ ಹಾಗೆ ಜೋತುಬಿದ್ದಿತ್ತು. ಇನ್ನೆರಡು ನಿಮಿಷ ಕೊಯ್ದಿದ್ದರೆ ಕಳಚಿ ಕೈಗೇ ಬಡಿಯುತ್ತಿತ್ತು.

"ಬಿಗಿ ಇಲ್ಲ," ಎಂದಳು ರೈಖಾನ್.

"ಹೂಂ," ಎಂದ ಕಾಬ್ದೆಶ್. ನವೆಂಬರಿನಿಂದ ಈಚೆಗೆ ಅವನು ಅಷ್ಟು ಗಟ್ಟಿಯಾಗಿ ಹೂಂಗುಟ್ಟಿದ್ದು ಅವಳು ಕೇಳಿರಲಿಲ್ಲ. ಚೈನು ಆರುವವರೆಗೆ ಕಾದು, ಗರಗಸವನ್ನು ಅವನ ತೊಡೆಯ ಮೇಲಿಟ್ಟಳು. ಅವನು ಎಡಗೈಯಿಂದ ತಿರುಪು ತಿರುಗಿಸಿದ. ಅವಳು ಪಟ್ಟಿ ಹಿಡಿದುಕೊಂಡಳು. ಎಡಗೈಗೆ ಅಭ್ಯಾಸವಿಲ್ಲ, ಎರಡು ಸಲ ಜಾರಿತು. ಗೇಟಿನಲ್ಲಿದ್ದ ಸಾಗಿಂಬೆಕ್ ಮೋಡ ನೋಡುತ್ತಿದ್ದವನಂತೆ ಆ ಕಡೆ ತಿರುಗಿಕೊಂಡ. ರೈಖಾನ್ ಅವನಿಗೂ ಚಹದ ಬಟ್ಟಲು ತರುವ ಹೊತ್ತಿಗೆ ಅವನು ಹೊರಟೇಹೋಗಿದ್ದ.

ಬೆಟ್ಟದ ನೆರಳು ಅಂಗಳಕ್ಕೆ ಇಳಿಯುವವರೆಗೂ ಅವಳು ಕೊಯ್ದಳು. ಕೈ ಸೋತಿತ್ತು, ಆದರೆ ಗರಗಸ ಮಾತು ಕೇಳುತ್ತಿತ್ತು. ನಿಲ್ಲಿಸಿ ತಲೆವಸ್ತ್ರ ಬಿಚ್ಚಿ ಕೊಡವಿದಾಗ ಹೊಸ ಮರದ ಚಕ್ಕೆಗಳು ಸುತ್ತಲೂ ಉದುರಿದವು. ಕಿವಿ ಗುಂಯ್ ಎನ್ನುತ್ತಿತ್ತು. ಹಿಂತಿರುಗಿ ನೋಡಿದರೆ ಕುರ್ಚಿ ಖಾಲಿ.

ಕಾಬ್ದೆಶ್ ಕೊಟ್ಟಿಗೆಯ ಗೋಡೆಗೆ ಭುಜ ಆನಿಸಿ ನಿಂತಿದ್ದ. ಅವಳು ಕೊಯ್ದು ಎಸೆದ ತುಂಡುಗಳನ್ನು ಊರುಗೋಲಿನಿಂದ ಹತ್ತಿರಕ್ಕೆ ಎಳೆದುಕೊಂಡು, ಎಡಗೈಯಲ್ಲಿ ಒಂದೊಂದೇ ಎತ್ತಿ, ತೊಗಟೆ ಮೇಲೆ ಬರುವಂತೆ ಗೋಡೆಗುಂಟ ಒಟ್ಟುತ್ತಿದ್ದ. ಇಡೀ ಅಂಗಳದ ರಾಶಿಯ ಪಕ್ಕದಲ್ಲಿ ಅವನು ಒಟ್ಟಿದ್ದು ಹನ್ನೊಂದು ತುಂಡು. ಕೊನೆಯದೊಂದು ತುಸು ಸೊಟ್ಟಗೆ ಕೂತಿತ್ತು. ರೈಖಾನ್ ಹತ್ತಿರ ಹೋಗಿ, ಅದನ್ನು ಸರಿಮಾಡಲೆಂದು ಕೈ ಚಾಚಿದಳು. ಮತ್ತೆ ಕೈ ಹಿಂತೆಗೆದುಕೊಂಡು, ನೆಲದಿಂದ ಇನ್ನೊಂದು ತುಂಡು ಎತ್ತಿ ಅವನ ಅಂಗೈಗೆ ಕೊಟ್ಟಳು.